ನೂರು ಸೆಂಟ್ ಮಳೆಗೆ ಕಾಯುವ ವಾರಗಳು

ಶಿವರಾತ್ರಿ ಕಳೆದು ಚಳಿ ಶಿವಶಿವಾ ಎಂದು ಹೊರಟ ಮೇಲೆ ಕೊಡಗಿನ ಫೋನ್ ಮಾತುಗಳಲ್ಲಿ ಯೋಗಕ್ಷೇಮಕ್ಕಿಂತ ಮೊದಲು ಬರುವ ಪ್ರಶ್ನೆಯೊಂದಿದೆ: ‘ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?’ ಸಿದ್ದಾಪುರದವರು ಪಾಲಿಬೆಟ್ಟದವರನ್ನು ಕೇಳುತ್ತಾರೆ, ಗೋಣಿಕೊಪ್ಪದವರು ವಿರಾಜಪೇಟೆಯವರನ್ನು ಕೇಳುತ್ತಾರೆ. ‘ನಲವತ್ತು’ ಎಂದರೆ ಆ ಕಡೆಯಿಂದ ‘ಛೆ’ ಎಂಬ ಉದ್ಗಾರ. ‘ಒಂದು ಇಂಚು ಹತ್ತು’ ಎಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. ನೂರು ಸೆಂಟ್ ಮಳೆ ಎಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಸರ್ಕಾರಿ ಲೆಕ್ಕವೆಲ್ಲ ಮಿಲಿಮೀಟರಿನಲ್ಲಿದ್ದರೂ ಕಾಫಿ ತೋಟದ ಮಳೆ ಪುಸ್ತಕ ಇವತ್ತಿಗೂ ಇಂಚು ಮತ್ತು ಸೆಂಟಿನಲ್ಲೇ ತುಂಬುತ್ತದೆ.

ಫೆಬ್ರುವರಿಯ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಹವಾಮಾನ ವರದಿಯನ್ನು ಓದುವಷ್ಟು ಶ್ರದ್ಧೆಯಿಂದ ಬೇರೆ ಯಾವುದನ್ನೂ ಓದುವುದಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಅದರ ಮುಂದಿನ ವರ್ಷದ ಫಸಲು ಎಷ್ಟೆಂಬುದರ ಬಹುಪಾಲು ಈ ಕೆಲವೇ ವಾರಗಳಲ್ಲಿ ತೀರ್ಮಾನವಾಗಿಬಿಡುತ್ತದೆ.

ಕಾರಣ ಗಿಡದೊಳಗೇ ಇದೆ. ಕಾಫಿಯ ಹೂಮೊಗ್ಗು ಮಳೆಗಾಲ ಮುಗಿಯುತ್ತಿದ್ದಂತೆ ಎಲೆಯ ಕಂಕುಳಲ್ಲಿ ಮೂಡಿ, ಸ್ವಲ್ಪ ಬೆಳೆದು, ಅಲ್ಲಿಗೇ ನಿಂತುಬಿಡುತ್ತದೆ. ಡಿಸೆಂಬರ್, ಜನವರಿಯ ಒಣಹವೆಯಲ್ಲಿ ಅದು ನಿದ್ರೆಯಲ್ಲಿರುತ್ತದೆ. ಈ ಬರಗಾಲದ ನಿದ್ರೆ ಅದಕ್ಕೆ ಬೇಕೇ ಬೇಕು. ನೀರಿನ ಕೊರತೆಯನ್ನು ಚೆನ್ನಾಗಿ ಅನುಭವಿಸಿದ ಮೊಗ್ಗು ಮಾತ್ರ ಮಳೆ ಬಿದ್ದಾಗ ಒಟ್ಟಿಗೇ ಎಚ್ಚರಗೊಳ್ಳುತ್ತದೆ. ಒಂದೇ ಸಲಕ್ಕೆ ಸುಮಾರು ಒಂದು ಇಂಚು ಮಳೆ ಬಿದ್ದರೆ ರೋಬಸ್ಟಾ ಏಳೆಂಟು ದಿನಕ್ಕೆ ಅರಳುತ್ತದೆ, ಅರೇಬಿಕಾ ಇನ್ನೊಂದೆರಡು ದಿನ ತಡವಾಗಿ. ಇದೇ ಹೂಮಳೆ. ಬೆಳಗಾಗುವಷ್ಟರಲ್ಲಿ ಇಡೀ ತೋಟ ಬೆಳ್ಳಗಾಗಿ, ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೂ ಹರಡುತ್ತದೆ. ಎರಡು ಮೂರು ದಿನ ಕಳೆದರೆ ಹೂವು ಕಂದು ಬಣ್ಣಕ್ಕೆ ತಿರುಗುತ್ತದೆ.

ಆ ಮಳೆ ಅರ್ಧ ಇಂಚಿಗೇ ನಿಂತರೆ? ಮೊಗ್ಗಿಗೆ ಎಚ್ಚರವಾಗುತ್ತದೆ, ಅರಳಲು ಬಲ ಸಾಲುವುದಿಲ್ಲ. ದಳ ಪೂರ್ತಿ ಬಿಚ್ಚದೆ ಹಸಿರು ನಕ್ಷತ್ರದಂತೆ ಮುರುಟಿಕೊಳ್ಳುವ ಹೂಗಳು ಹೆಚ್ಚಾಗುತ್ತವೆ, ಅವು ಕಾಯಿ ಕಟ್ಟುವುದಿಲ್ಲ. ಹಾಗಾಗಿ ಮಳೆಯೇ ಬಾರದಿರುವುದಕ್ಕಿಂತ ಅರೆಬರೆ ಮಳೆಯೇ ಹೆಚ್ಚು ಭಯ ಹುಟ್ಟಿಸುವಂಥದ್ದು.

ವಾರದ ಮುನ್ಸೂಚನೆಯ ಜೊತೆ ಬೆಳೆಗಾರನ ತಕರಾರು ಶುರುವಾಗುವುದೂ ಇಲ್ಲಿಂದಲೇ. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ದಿನಕ್ಕೆ 2.5ರಿಂದ 15.5 ಮಿ.ಮೀ. ಬಿದ್ದರೆ ಅದು ಹಗುರ ಮಳೆ, 15.6ರಿಂದ 64.4 ಮಿ.ಮೀ.ವರೆಗೆ ಸಾಧಾರಣ ಮಳೆ. ಇದನ್ನು ತೋಟದ ಲೆಕ್ಕಕ್ಕೆ ಇಳಿಸಿ ನೋಡಿ. ಹಗುರ ಮಳೆ ಎಂದರೆ 10 ಸೆಂಟಿನಿಂದ 61 ಸೆಂಟ್. ಅದರ ಮೇಲಿನ ತುದಿಯೂ ಹೂಮಳೆಯ ಅಗತ್ಯವನ್ನು ಮುಟ್ಟುವುದಿಲ್ಲ. ಸಾಧಾರಣ ಮಳೆ ಎಂದರೆ 61 ಸೆಂಟಿನಿಂದ ಎರಡೂವರೆ ಇಂಚು. ಸಾಲದ ಮಳೆ, ಸಾಕಾಗುವ ಮಳೆ, ಧಾರಾಳವಾದ ಮಳೆ ಎಲ್ಲವೂ ಒಂದೇ ಚೀಲದೊಳಗಿವೆ. ನೆರೆ ಬರುತ್ತದೆಯೇ, ಅಣೆಕಟ್ಟಿಗೆ ಎಷ್ಟು ನೀರು ಹರಿಯುತ್ತದೆ ಎಂದು ತಿಳಿಯಲು ಈ ವಿಂಗಡಣೆ ಸರಿಯಾದದ್ದೇ. ಕಾಫಿ ಮೊಗ್ಗಿಗೆ ಬೇಕಾದ ಗೆರೆ ಮಾತ್ರ ಅದರಲ್ಲಿ ಎಲ್ಲೂ ಇಲ್ಲ.

ಎಲ್ಲಿ ಎಂಬ ಪ್ರಶ್ನೆಗೂ ಇದೇ ಗತಿ. ಆಕಾಶವಾಣಿಯಲ್ಲಿ ‘ದಕ್ಷಿಣ ಒಳನಾಡಿನ ಒಂದೆರಡು ಕಡೆ ಮಳೆಯಾಗುವ ಸಾಧ್ಯತೆ’ ಎಂದು ಕೇಳಿಸಿದಾಗ ಅದರ ಹಿಂದೆ ನಿಖರವಾದ ಅಳತೆಯೊಂದಿದೆ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆ ದಾಖಲಾದೀತು ಎಂದರ್ಥ. ಕೆಲವು ಕಡೆ ಎಂದರೆ ಶೇ 26ರಿಂದ 50, ಹಲವು ಕಡೆ ಎಂದರೆ ಶೇ 51ರಿಂದ 75, ಅದಕ್ಕೂ ಮೇಲಾದರೆ ಬಹುತೇಕ ಎಲ್ಲ ಕಡೆ. ನಾಲ್ಕರಲ್ಲಿ ಮೂರು ಕೇಂದ್ರ ಒಣಗಿದ್ದರೂ ‘ಒಂದೆರಡು ಕಡೆ’ ಎಂಬ ಮುನ್ಸೂಚನೆ ಸುಳ್ಳಾಗುವುದಿಲ್ಲ. ಒಣಗಿದ ಆ ಮುಕ್ಕಾಲು ಪಾಲಿನಲ್ಲಿ ತೋಟವಿದ್ದವರಿಗೆ ಮಾತ್ರ ಅದು ಸುಳ್ಳು ಎನಿಸದೆ ಇರದು.

ಹಾಗೆಂದು ಇಲಾಖೆಯನ್ನು ದೂರುವುದು ಅನ್ಯಾಯ. ಜೂನ್ ತಿಂಗಳ ಮುಂಗಾರು ಸಾವಿರಾರು ಕಿಲೋಮೀಟರ್ ಉದ್ದದ ಗಾಳಿಯ ಪ್ರವಾಹ. ಅದರ ನಡೆಯನ್ನು ವಾರ ಮೊದಲೇ ಒಂದು ಮಟ್ಟಿಗೆ ಹೇಳಬಹುದು. ಮಾರ್ಚ್‌ನ ಮಳೆಯ ಜಾತಿಯೇ ಬೇರೆ. ಬೆಳಗ್ಗೆಯಿಂದ ಕಾದ ನೆಲದ ಮೇಲಿನ ಬಿಸಿಗಾಳಿ ಮೇಲೇರಬೇಕು, ಕಡಲ ಕಡೆಯಿಂದ ಬಂದ ತೇವ ಅದಕ್ಕೆ ಸಿಗಬೇಕು, ಒಳನಾಡಿನ ಮೇಲೆ ಗಾಳಿಯ ದಿಕ್ಕು ಬದಲಾಗುವ ತಗ್ಗೊತ್ತಡದ ಪಟ್ಟಿಯೊಂದು ಹಾದುಹೋಗಿರಬೇಕು. ಇವೆಲ್ಲ ಕೂಡಿದ ಮಧ್ಯಾಹ್ನ ಮೋಡ ಗೋಪುರದೆತ್ತರಕ್ಕೆ ಬೆಳೆದು, ಗುಡುಗಿ, ಒಂದು ಗಂಟೆಯೊಳಗೆ ಸುರಿದು ಮುಗಿಸುತ್ತದೆ. ಅಂಥ ಒಂದೊಂದು ಮೋಡದ ಹರವು ಎಷ್ಟೋ ಸಲ ಕೆಲವೇ ಕಿಲೋಮೀಟರ್. ಇಲಾಖೆ ಬಹುಕಾಲ ನೆಚ್ಚಿಕೊಂಡಿದ್ದ ಜಾಗತಿಕ ಮಾದರಿ ಭೂಮಿಯನ್ನು 12 ಕಿಲೋಮೀಟರ್ ಚೌಕಗಳಾಗಿ ಹೆಣೆದು ಲೆಕ್ಕ ಹಾಕುತ್ತಿತ್ತು. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ‘ಭಾರತ್ ಮುನ್ಸೂಚನಾ ವ್ಯವಸ್ಥೆ’ ಆ ಚೌಕವನ್ನು 6 ಕಿಲೋಮೀಟರಿಗೆ ಇಳಿಸಿದೆ. ಇದು ದೊಡ್ಡ ಹೆಜ್ಜೆ. ಆದರೂ ಹೊಳೆಯ ಈಚೆ ಸುರಿದು ಆಚೆ ಸುರಿಯದ ಮಳೆ ಆರು ಕಿಲೋಮೀಟರಿನ ಬಲೆಯಲ್ಲೂ ತೂರಿಹೋಗುತ್ತದೆ.

ಇಷ್ಟಾದರೂ ವಾರದ ಮುನ್ಸೂಚನೆಯನ್ನು ಬಿಟ್ಟು ಬೆಳೆಗಾರ ಬದುಕಲಾರ. ಸ್ಪ್ರಿಂಕ್ಲರ್ ಅದಕ್ಕೆ ಕಾರಣ.

ಕೆರೆ, ಹೊಳೆಯ ನೀರಿನ ಅನುಕೂಲ ಇರುವವರು ರೋಬಸ್ಟಾ ತೋಟಕ್ಕೆ ಫೆಬ್ರುವರಿಯಲ್ಲೇ ನೀರು ಹೊಡೆದು ಹೂವು ತರಿಸುತ್ತಾರೆ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಒಂದು ಲಕ್ಷ ಲೀಟರಿಗೂ ಹೆಚ್ಚು. ಹತ್ತು ಎಕರೆಯ ಸಣ್ಣ ತೋಟಕ್ಕೇ ಹತ್ತು ಲಕ್ಷ ಲೀಟರ್ ದಾಟಬೇಕು. ಡೀಸೆಲ್ ಪಂಪು ರಾತ್ರಿ ಹಗಲು ಓಡಬೇಕು, ಪೈಪುಗಳನ್ನು ಗಿಡದ ಸಾಲುಗಳ ನಡುವೆ ಹೊತ್ತು ಜಾಗ ಬದಲಿಸುತ್ತಲೇ ಇರಬೇಕು, ಅದಕ್ಕೆ ಆಳುಗಳು ಸಿಗಬೇಕು. ಇಷ್ಟೆಲ್ಲ ಮಾಡಿ ಮುಗಿಸಿದ ಮಾರನೆಯ ದಿನ ಆಕಾಶವೇ ಒಂದೂಕಾಲು ಇಂಚು ಸುರಿದರೆ ಹೋದದ್ದು ಡೀಸೆಲ್ ಮತ್ತು ಕೂಲಿ. ಅದನ್ನಾದರೂ ಸಹಿಸಬಹುದು. ನೀರು ಹೊಡೆದ ಏಳೆಂಟನೆಯ ದಿನ, ಹೂವು ಅರಳಿ ನಿಂತ ಬೆಳಗ್ಗೆಯೇ ಮಳೆ ಬಂದರೆ ಹೋಗುವುದು ಫಸಲು.

ರೋಬಸ್ಟಾದ ಗುಣ ಅಂಥದ್ದು. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೋಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು. ಅದನ್ನು ತಲುಪಿಸುವುದು ಗಾಳಿ, ಜೊತೆಗೆ ಹೆಜ್ಜೇನು, ತುಡುವೆ ಜೇನು. ಹೂವು ಒದ್ದೆಯಾದರೆ ಪರಾಗ ಹಾರುವುದಿಲ್ಲ, ಜೇನೂ ಇಳಿಯುವುದಿಲ್ಲ. ಹಾಗಾಗಿ ರೋಬಸ್ಟಾ ಬೆಳೆಗಾರ ಇವತ್ತು ಪಂಪು ಚಾಲೂ ಮಾಡುವ ಮೊದಲು ಕೇಳಿಕೊಳ್ಳುವ ಪ್ರಶ್ನೆ ಎರಡು: ಈ ಎರಡು ಮೂರು ದಿನದಲ್ಲಿ ಮಳೆ ಇದೆಯೇ? ಎಂಟನೆಯ ದಿನ ಇಲ್ಲ ತಾನೇ? ಮೊದಲನೆಯದಕ್ಕೆ ಇವತ್ತಿನ ವಿಜ್ಞಾನ ಸಾಕಷ್ಟು ನಂಬಿಕೆಯ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ವಾತಾವರಣದ ಒಲವು ಎತ್ತ ಎಂದಷ್ಟೇ ಹೇಳಬಲ್ಲದು.

ಆ ಉತ್ತರಗಳು ಬರುವ ದಿನಗಳೂ ಬೆಳೆಗಾರರಿಗೆ ಬಾಯಿಪಾಠ. ಗ್ರಾಮೀಣ ಕೃಷಿ ಹವಾಮಾನ ಸೇವೆಯ ಐದು ದಿನಗಳ ಮುನ್ಸೂಚನೆ ಮತ್ತು ಬೆಳೆ ಸಲಹೆ ಮಂಗಳವಾರ, ಶುಕ್ರವಾರ ಹೊರಬೀಳುತ್ತದೆ. 2019ರಲ್ಲಿ ಬಂದ ‘ಮೇಘದೂತ್’ ಆ್ಯಪಿನಲ್ಲಿ ಅದು ಕನ್ನಡದಲ್ಲೇ ಸಿಗುತ್ತದೆ. ಗುರುವಾರ ಇಲಾಖೆಯ ವಿಸ್ತೃತ ಮುನ್ಸೂಚನೆ ಬರುತ್ತದೆ. ಮುಂದಿನ ಎರಡು ವಾರ ಮಳೆ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂಬುದರ ಸ್ಥೂಲ ಚಿತ್ರ ಅದು. ಗುರುವಾರದ ಚಿತ್ರ ನೋಡಿ ಡೀಸೆಲ್, ಆಳುಗಳ ಏರ್ಪಾಡು, ಶುಕ್ರವಾರ ಮತ್ತು ಮಂಗಳವಾರದ ಸಲಹೆ ನೋಡಿ ಪಂಪಿನ ತೀರ್ಮಾನ, ಆಯಾ ದಿನ ಮಧ್ಯಾಹ್ನ ಮೂರು ಗಂಟೆ ಅವಧಿಯ ತತ್‌ಕ್ಷಣದ ಮುನ್ಸೂಚನೆ ನೋಡಿ ಕಣದಲ್ಲಿ ಒಣಗಲು ಹಾಕಿದ ಕಾಫಿಗೆ ಟಾರ್ಪಾಲು. ಇವನ್ನು ಹೀಗೆ ಒಂದರ ಮೇಲೊಂದು ಇಟ್ಟು ಓದಲು ಕಲಿತವರಿಗೆ ಮುನ್ಸೂಚನೆಯಿಂದ ಆಗುವ ನಷ್ಟ ಕಡಿಮೆ. ಸೋಮವಾರ ಮೊಬೈಲಿನಲ್ಲಿ ಮುಂದಿನ ಹತ್ತನೆಯ ದಿನಕ್ಕೆ ಮೋಡ, ಮಳೆಯ ಚಿತ್ರ ಕಂಡು ಅದನ್ನೇ ನಂಬಿ ಕೂರುವವರು ಸೋಲುತ್ತಾರೆ.

ಕರ್ನಾಟಕಕ್ಕೆ ಇಲ್ಲೊಂದು ಅನುಕೂಲವಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಯಲಹಂಕದ ಸಂಸ್ಥೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ವರದಿ ಕಳಿಸುವ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನಡೆಸುತ್ತಿದೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಊರಿನ ಹೆಸರು ಹೇಳಿದರೆ ಆ ಭಾಗದ ಮುನ್ಸೂಚನೆ ಹೇಳುತ್ತಾರೆ. ಜಿಲ್ಲೆಗೊಂದು ಮಾತು ಹೇಳಿ ಮುಗಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ಭಾಗಮಂಡಲದ ಮಳೆಯೇ ಬೇರೆ, ಕುಶಾಲನಗರದ ಮಳೆಯೇ ಬೇರೆ ಎಂಬುದು ಕೊಡಗಿನ ಮಕ್ಕಳಿಗೂ ಗೊತ್ತು.

ಹಳೆಯ ಮಳೆ ಲೆಕ್ಕವೂ ಇಲ್ಲಿ ಕೈಹಿಡಿಯುವುದಿಲ್ಲ. ಬಯಲುಸೀಮೆಯ ರೈತರು ಸಾಮಾನ್ಯವಾಗಿ ಮಳೆ ನಕ್ಷತ್ರಗಳನ್ನು ಎಣಿಸುವುದು ಅಶ್ವಿನಿಯಿಂದ, ಅಂದರೆ ಏಪ್ರಿಲ್ ನಡುವಿನಿಂದ. ಭರಣಿಯ ಮಳೆಗೆ ಗಾದೆಯಿದೆ, ರೋಹಿಣಿಗೆ ಗಾದೆಯಿದೆ. ರೋಬಸ್ಟಾದ ಹೂಮಳೆ ಬೀಳಬೇಕಾದ ಶತಭಿಷ, ಪೂರ್ವಾಭಾದ್ರದ ದಿನಗಳ ಬಗ್ಗೆ ರೈತರ ನಾಲಿಗೆಯ ಮೇಲೆ ಅಂಥ ಮಾತು ಕಡಿಮೆ. ರಾಗಿ, ಜೋಳದ ನಾಡು ಕಟ್ಟಿಕೊಂಡ ಪಂಚಾಂಗದಲ್ಲಿ ಕಾಫಿಗೆ ಜಾಗ ಸಿಗಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ತಂದರೆಂಬ ಏಳು ಬೀಜಗಳ ಕತೆಯನ್ನು ನಂಬಿದರೂ ಅದು ಈ ನೆಲಕ್ಕೆ ತಡವಾಗಿ ಬಂದ ಬೆಳೆಯೇ. ಆ ಜಾಗ ತುಂಬಲು ತೋಟಗಳು ತಮ್ಮದೇ ಮಳೆ ಪುಸ್ತಕಗಳನ್ನು ಬರೆದುಕೊಂಡವು. ಬೆಳಗ್ಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿನ ಕೊಳವೆಗೆ ಸುರಿದು ಸೆಂಟ್ ಬರೆದಿಡುವ ರೂಢಿ ಎಷ್ಟೋ ತೋಟಗಳಲ್ಲಿ ಅಜ್ಜನಿಂದ ಮೊಮ್ಮಗನಿಗೆ ಬಂದಿದೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಷ್ಟು ಹಿಂದಿನದು. ಕೊಡಗಿನ ಚೆಟ್ಟಳ್ಳಿಯಲ್ಲಿ ಅದರ ಉಪಕೇಂದ್ರವಿದೆ. ಮನೆಮನೆಯ ಮಳೆ ಪುಸ್ತಕಗಳೂ ಈ ಸಂಸ್ಥೆಗಳ ದಾಖಲೆಗಳೂ ಒಂದೇ ಕಡೆ ಕೂಡಿದರೆ ಮಾರ್ಚ್‌ನ ಯಾವ ವಾರ ಯಾವ ಹೋಬಳಿಯಲ್ಲಿ ಒಂದು ಇಂಚು ಬೀಳುವ ಸಂಭವ ಎಷ್ಟು ಎಂಬುದನ್ನು ಅಂಕಿಗಳಲ್ಲೇ ಹೇಳಬಹುದು. ಈ ಕೆಲಸಕ್ಕೆ ಉಪಗ್ರಹ ಬೇಡ, ಪುಸ್ತಕ ತೆರೆದು ಬರೆದುಕೊಳ್ಳುವ ಜನ ಸಾಕು.

ಇಂಥ ಲೆಕ್ಕ ಈಗ ಹಿಂದೆಂದಿಗಿಂತ ತುರ್ತಾಗಿದೆ. 2021ರ ಜನವರಿಯ ಮೊದಲ ವಾರಗಳಲ್ಲಿ ಬಂದ ಅಕಾಲ ಮಳೆ ಕೊಯ್ಲಿನ ನಡುವೆಯೇ ಕಾಫಿ ಜಿಲ್ಲೆಗಳನ್ನು ತೋಯಿಸಿತು. ಅಂಥ ಮಳೆಗೆ ಕಣದಲ್ಲಿ ಹರಡಿದ ಕಾಫಿ ಒದ್ದೆಯಾಗುವುದು ಒಂದು ನಷ್ಟ. ಹಣ್ಣು ಇನ್ನೂ ರೆಂಬೆಯಲ್ಲಿರುವಾಗಲೇ ಮುಂದಿನ ವರ್ಷದ ಹೂವು ಅರಳಿಬಿಡುವುದು ಇನ್ನೊಂದು. ಹಣ್ಣು ಕೊಯ್ಯುವ ಕೈಯೇ ಹೂವನ್ನೂ ಉದುರಿಸುತ್ತದೆ. 2023ರಲ್ಲಿ ಇದರ ತಿರುಗುಮುರುಗು. ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅದರ ಮರುವರ್ಷದ ಬೇಸಿಗೆಯಲ್ಲಿ, ರೋಬಸ್ಟಾ ಚೆರಿಯ 50 ಕೆ.ಜಿ. ಚೀಲ 10,000 ರೂಪಾಯಿ ದಾಟಿದ ಹೊತ್ತಿನಲ್ಲೇ, ನೀರು ಹೊಡೆಯೋಣವೆಂದರೆ ಕೆರೆಗಳಲ್ಲಿ ನೀರಿರಲಿಲ್ಲ.

ಹೂವು ಸರಿಯಾಗಿ ಅರಳಿ, ಜೇನು ಬಂದು ಹೋದ ಮೇಲೂ ಕೆಲಸ ಮುಗಿಯುವುದಿಲ್ಲ. ಎರಡು ಮೂರು ವಾರದೊಳಗೆ ಇನ್ನೊಂದು ಹದ ಮಳೆ ಬೇಕು. ತೋಟದವರು ಬ್ಯಾಕಿಂಗ್ ಎನ್ನುವುದು ಇದನ್ನೇ. ಅದು ತಪ್ಪಿದರೆ ಮೆಣಸಿನ ಕಾಳಿನಷ್ಟೂ ದಪ್ಪವಾಗದ ಮಿಡಿಗಳು ಒಣಗಿ ಉದುರುತ್ತವೆ. ಕಾಫಿಗೆಂದು ರೂಪಿಸಿದ ಮಳೆ ವಿಮೆಯಲ್ಲಿ ಹೂಮಳೆಗೂ ಬ್ಯಾಕಿಂಗ್ ಮಳೆಗೂ ಬೇರೆ ಬೇರೆಯಾಗಿಯೇ ರಕ್ಷಣೆ ಇಟ್ಟಿದ್ದರು. ವಿಮೆಯ ಪತ್ರದಲ್ಲಿ ಬರೆಯಲು ಸಾಧ್ಯವಾದ ಗೆರೆಯನ್ನು ಮುನ್ಸೂಚನೆಯ ಪತ್ರದಲ್ಲೂ ಬರೆಯಬಹುದಲ್ಲವೇ? ‘ಹಗುರದಿಂದ ಸಾಧಾರಣ ಮಳೆ’ ಎನ್ನುವ ಬದಲು ‘ಒಂದು ಇಂಚು ಮೀರುವ ಸಂಭವ ಹತ್ತರಲ್ಲಿ ಮೂರು’ ಎಂದು ಹೇಳಿದರೆ ಪಂಪು ಚಾಲೂ ಮಾಡಬೇಕೋ ಬೇಡವೋ ಎಂಬುದನ್ನು ಬೆಳೆಗಾರನೇ ತೀರ್ಮಾನಿಸಿಕೊಳ್ಳುತ್ತಾನೆ. ಮಾದರಿಗಳನ್ನು ಹಲವು ಸಲ ಓಡಿಸಿ ಸಂಭವದ ಲೆಕ್ಕ ತೆಗೆಯುವುದು ಇಲಾಖೆಗೆ ಹೊಸದೇನಲ್ಲ.

ಅದನ್ನು ಆಯಾ ಬೆಳೆಯ ಭಾಷೆಗೆ ಇಳಿಸುವ ಜನ ಜಿಲ್ಲೆಯಲ್ಲಿ ಇರಬೇಕು, ಅಷ್ಟೇ. ಮೂಡಿಗೆರೆಯಂಥ ಕಡೆ ಕೃಷಿ ಹವಾಮಾನ ಕ್ಷೇತ್ರ ಘಟಕಗಳು ವಲಯಕ್ಕೊಂದರಂತೆ ಈ ಕೆಲಸ ಮಾಡುತ್ತಿವೆ. ಅದಕ್ಕಿಂತ ಕೆಳಗಿನ ಮೆಟ್ಟಿಲಾಗಿ, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆದಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಲಾಯಿತು, ದೇಶದಾದ್ಯಂತ ಒಟ್ಟು 199. ಮಾದರಿಯ ಚೌಕ 12ರಿಂದ 6 ಕಿಲೋಮೀಟರಿಗೆ ಇಳಿಯುತ್ತಿರುವ ಕಾಲದಲ್ಲೇ ಅದನ್ನು ಓದಿ ಹೇಳುವವರನ್ನು ಜಿಲ್ಲೆಯಿಂದ ಹಿಂದಕ್ಕೆ ಕರೆಸಿಕೊಂಡದ್ದು ಸರಿಯಾದ ಕ್ರಮವಲ್ಲ. ಕಾಫಿ ಜಿಲ್ಲೆಗಳ ಮಟ್ಟಿಗಾದರೂ ಆ ಹುದ್ದೆಗಳು ಜನವರಿಯೊಳಗೆ ತುಂಬಿರಬೇಕು. ಫೆಬ್ರುವರಿಯ ಎರಡನೆಯ ವಾರಕ್ಕೆ ಪಂಪುಗಳು ಹೊಳೆದಂಡೆಗೆ ಇಳಿಯುತ್ತವೆ.