ಹಿರಿಯರ ಮನೆಯ ಹಳೆಯ ಗಣಕಯಂತ್ರ

ಮನೆಯಲ್ಲಿ ಹಳತಾದ ವಸ್ತುವನ್ನು ಉಳಿಸಿಕೊಳ್ಳಬೇಕೆ, ಬದಲಾಯಿಸಬೇಕೆ ಎಂಬುದು ಪ್ರತಿಯೊಂದು ತಲೆಮಾರಿಗೂ ಎದುರಾಗುವ ಪ್ರಶ್ನೆ. ಬೀಸುವ ಕಲ್ಲು, ಗೋಡೆಗಡಿಯಾರ, ಹೊಲಿಗೆಯಂತ್ರ, ಕೊನೆಗೆ ರೇಡಿಯೊ ಕೂಡ ಒಂದೊಂದು ಕಾಲದಲ್ಲಿ ಈ ವಿಚಾರಣೆಗೆ ಒಳಗಾದುವು. ಈಗ ಆ ಸರದಿ ಗಣಕಯಂತ್ರಕ್ಕೆ ಬಂದಿದೆ. ವಯಸ್ಸಾದ ತಂದೆತಾಯಿಗಳ ಮನೆಯಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ದುಡಿಯುತ್ತಿರುವ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಅನ್ನು ಬದಲಾಯಿಸುವುದೋ ಬೇಡವೋ ಎಂಬ ವಿಷಯವನ್ನು ಕುರಿತು ಇಂದು ನಿಮ್ಮೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬಯಸುತ್ತೇನೆ. ನಾನು ತಂತ್ರಜ್ಞನಲ್ಲ; ಬಹುಕಾಲ ಕನ್ನಡದ ಪಾಠ ಹೇಳಿದವನು. ಆದರೆ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೇ ಬಂದಾಗ ಓದಿ, ಬಲ್ಲವರನ್ನು ಕೇಳಿ, ತಿಳಿದುಕೊಳ್ಳಬೇಕಾಯಿತು.

ಮೊದಲಿಗೆ ಈ ಆಪರೇಟಿಂಗ್ ಸಿಸ್ಟಂ ಎಂದರೇನು? ಗಣಕದ ಲೋಹ, ಗಾಜು, ತಂತಿಗಳ ಭಾಗಕ್ಕೆ ಯಂತ್ರಾಂಶವೆಂದು ಹೆಸರು. ಬರೆಯುವುದಕ್ಕೆ, ಲೆಕ್ಕವಿಡುವುದಕ್ಕೆ, ಚಿತ್ರ ನೋಡುವುದಕ್ಕೆ ನಾವು ಬಳಸುವಂಥದು ತಂತ್ರಾಂಶ. ಇವೆರಡರ ನಡುವೆ ನಿಂತು ಯಾವ ಪಾತ್ರೆ ಎಲ್ಲಿದೆ, ಯಾರಿಗೆ ಏನು ಬಡಿಸಬೇಕು, ಯಾರನ್ನು ಒಳಗೆ ಬಿಡಬೇಕು ಎಂದು ನೋಡಿಕೊಳ್ಳುವ ಮನೆಯೊಡತಿಯೇ ಈ ವ್ಯವಸ್ಥೆ. ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವುದು ವಿಂಡೋಸ್. ಅದಕ್ಕೊಂದು ಆಯುಷ್ಯದ ಲೆಕ್ಕವುಂಟು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ ನಿಂತದ್ದು ೨೦೧೪ರ ಏಪ್ರಿಲ್‌ನಲ್ಲಿ. ೨೦೦೯ರ ವಿಂಡೋಸ್ ೭ಕ್ಕೆ ೨೦೨೦ರ ಜನವರಿಯಲ್ಲಿ, ೨೦೧೫ರ ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ಅದೇ ಗತಿ ಒದಗಿತು. ಈ ಕೊನೆಯದರಲ್ಲಿ, ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ೨೦೨೬ರ ಅಕ್ಟೋಬರ್‌ವರೆಗೆ ರಕ್ಷಣೆ ಒದಗಿಸುವುದಾಗಿ ಘೋಷಿಸಲಾಯಿತು.

ಬೆಂಬಲ ನಿಂತ ಮರುದಿನ ಯಂತ್ರವೇನೂ ನಿಲ್ಲುವುದಿಲ್ಲ. ಎಂದಿನಂತೆ ಬೆಳಗುತ್ತದೆ, ಎಂದಿನಂತೆ ಬರೆಯುತ್ತದೆ. ಆದುದರಿಂದಲೇ ಹಿರಿಯರು, "ಚೆನ್ನಾಗಿಯೇ ಇದೆಯಲ್ಲ!" ಎನ್ನುವುದು. ಅವರ ಮಾತು ಸುಳ್ಳಲ್ಲ. ಆದರೆ ಮಲೆನಾಡಿನವರಿಗೆ ಒಂದು ಸಂಗತಿ ಗೊತ್ತು: ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಮಾಡಿನ ಮೇಲೆ ಹತ್ತಿ ಹೆಂಚು ಕೈಯಾಡಿಸಬೇಕು. ಒಡೆದುದನ್ನು ತೆಗೆದು, ಸರಿದುದನ್ನು ಕೂರಿಸಬೇಕು. ಒಂದು ವರ್ಷ ಕೈಯಾಡಿಸದಿದ್ದರೆ ಮನೆ ಬೀಳುವುದಿಲ್ಲ. ಆದರೆ ಎಲ್ಲಿ ಸೋರುತ್ತದೆಂದು ಮೊದಲು ತಿಳಿಯುವುದು ಮಳೆಗೆ. ಗಣಕದ ವ್ಯವಸ್ಥೆಯಲ್ಲಿಯೂ ಆಗಾಗ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ತಯಾರಕರು ಅವನ್ನು ಮುಚ್ಚಿ ಕಳುಹಿಸುವ ತೇಪೆಗಳಿಗೆ ಅಪ್‌ಡೇಟ್ ಎಂದು ಹೆಸರು. ಬೆಂಬಲ ನಿಂತಿತೆಂದರೆ ಹೆಂಚು ಕೈಯಾಡಿಸುವವನು ಇನ್ನು ಬರುವುದಿಲ್ಲ ಎಂದೇ ಅರ್ಥ.

ಇದು ಬರಿಯ ಹೆದರಿಕೆಯಲ್ಲ. ೨೦೧೭ರ ಮೇ ೧೨ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಸುಮಾರು ೧೫೦ ದೇಶಗಳಿಗೆ ಹಬ್ಬಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಅದು ನುಸುಳಿದ ಬಿರುಕನ್ನು ಮುಚ್ಚುವ ತೇಪೆ ಎರಡು ತಿಂಗಳು ಮೊದಲೇ, ಆ ವರ್ಷದ ಮಾರ್ಚ್ ತಿಂಗಳಲ್ಲಿಯೇ, ಬಂದಿತ್ತು. ಹಾಕಿಕೊಳ್ಳದವರೂ, ಹಳೆಯ ವ್ಯವಸ್ಥೆಯಲ್ಲಿದ್ದ ಕಾರಣ ತೇಪೆಯೇ ದೊರೆಯದವರೂ ಸಿಕ್ಕಿಬಿದ್ದರು.

ಹಾಗಾದರೆ ಹೊಸದನ್ನು ಹಾಕಿಸಿಬಿಡಬಹುದಲ್ಲ ಎಂದು ನೀವು ಕೇಳಬಹುದು. ಇಲ್ಲಿ ಎರಡು ತೊಡಕುಗಳಿವೆ. ಒಂದು ಯಂತ್ರದ್ದು. ೨೦೨೧ರಲ್ಲಿ ಬಂದ ವಿಂಡೋಸ್ ೧೧ಕ್ಕೆ ಕನಿಷ್ಠ ೪ ಜಿಬಿ ಸ್ಮೃತಿ, ೬೪ ಜಿಬಿ ಸಂಗ್ರಹ ಬೇಕು. ಅಷ್ಟೇ ಸಾಲದು, ಟಿಪಿಎಂ ೨.೦ ಎಂಬ ರಕ್ಷಣಾ ವ್ಯವಸ್ಥೆಯೂ ಬೇಕು, ಗಣಕದ ಮಿದುಳೆನಿಸಿದ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ೨೦೧೭ರ ಈಚಿನದಾಗಿರಬೇಕು. ಅದಕ್ಕಿಂತ ಹಳೆಯ ಯಂತ್ರಗಳು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಪಂಕ್ತಿಯಿಂದ ಹೊರಗೆ. ಉಪಾಯದಿಂದ ಒಳನುಗ್ಗಿಸುವವರಿದ್ದಾರೆ, ಮುಂದಿನ ತೇಪೆಗಳು ಬಂದೇ ಬರುವುವೆಂಬ ಭರವಸೆ ಅಂಥ ಯಂತ್ರಗಳಿಗಿಲ್ಲ.

ಎರಡನೆಯ ತೊಡಕು ಮನುಷ್ಯನದು. ಅದು ಮಾರುವವರ ಪಟ್ಟಿಯಲ್ಲಿ ಇರುವುದಿಲ್ಲ. ನಮ್ಮ ತಂದೆಯವರಿಗೆ ಈಗ ತೊಂಬತ್ತೊಂದು ವರ್ಷ. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದವರು. ಅಡಕೆ ತೋಟದ ಬದುಕಿಗೆ ಸೇರಿದ ಮಾತುಗಳನ್ನು, ಕೊನೆಗಾರ, ದೋಟಿ, ಸೊಪ್ಪಿನಬೆಟ್ಟ ಮೊದಲಾದ ಪದಗಳನ್ನು, ಅಕಾರಾದಿಯಾಗಿ ಜೋಡಿಸಿ ಅರ್ಥ ಬರೆಯುವ ಕೆಲಸವನ್ನು ೨೦೧೪ರಲ್ಲಿ ಕೊಂಡ ಗಣಕದಲ್ಲಿ ನಡೆಸಿಕೊಂಡು ಬಂದಿದ್ದಾರೆ. ಈಗ ವಕಾರದವರೆಗೆ ಬಂದಿದ್ದಾರೆ. ಕಣ್ಣು ಮಸುಕಾಗಿದೆ. ಹೊಸ ವ್ಯವಸ್ಥೆಯ ಮಾತೆತ್ತಿದಾಗ ಅವರು ಹೇಳಿದ್ದು ಇಷ್ಟು: "ಎಲ್ಲಿ ಏನಿದೆ ಅಂತ ನಾನೀಗ ನೋಡುವುದಿಲ್ಲ ಮಾರಾಯ, ಕೈಗೇ ಗೊತ್ತು. ಅದನ್ನು ಕದಲಿಸಿಬಿಟ್ಟರೆ ನಾನು ಮತ್ತೆ ಒಂದನೆಯ ಕ್ಲಾಸಿಗೆ ಕೂರಬೇಕು. ಅಷ್ಟು ವರ್ಷ ನನ್ನ ಹತ್ತಿರ ಇಲ್ಲ."

ಹೊಸ ವಿಂಡೋಸಿನಲ್ಲಿ ಎಡಮೂಲೆಯ ಗುಂಡಿ ನಡುವಿಗೆ ಬಂದು ಕೂತಿದೆ. ನಮಗೆ ಅದು ಒಂದು ದಿನದ ಇರುಸುಮುರುಸು. ಅದನ್ನು ಮತ್ತೆ ಎಡಕ್ಕೆ ಸರಿಸಿಕೊಳ್ಳಲೂ ಬರುತ್ತದೆ. ಅವರಿಗಾದರೋ, ಕತ್ತಲಲ್ಲಿ ನಡೆದಾಡುವ ಮನೆಯಲ್ಲಿ ಯಾರೋ ಕಂಬಗಳನ್ನೇ ಕದಲಿಸಿದ ಹಾಗೆ. ಕೈಯ ರೂಢಿಯೂ ಒಂದು ಆಸ್ತಿ. ಇಳಿವಯಸ್ಸಿನಲ್ಲಿ ಅದನ್ನು ಹೊಸದಾಗಿ ಗಳಿಸುವುದು ಕಷ್ಟ.

ಕನ್ನಡಿಗರಾದ ನಮಗೆ ಇನ್ನೊಂದು ವಿಶೇಷ ಎಚ್ಚರ ಅವಶ್ಯ. ಹಿರಿಯರ ಬರಹಗಳು ಅನೇಕ ವೇಳೆ ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಇರುತ್ತವೆ. ಆ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿರುತ್ತಾರೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡಿನಲ್ಲಿಯಾದರೋ ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ. ನಮ್ಮ 'ಕ'ಕಾರದ ಸಂಖ್ಯೆ ೩೨೨೧. ವ್ಯವಸ್ಥೆ ಬದಲಾಗಲಿ, ಬಿಡಲಿ, ಹಳೆಯ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿಡುವುದು ಮೊದಲ ಕರ್ತವ್ಯ. ಅದಕ್ಕೆ ಉಪಕರಣಗಳಿವೆ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು. ಮೂಲವನ್ನೂ ಪರಿವರ್ತಿತ ಪ್ರತಿಯನ್ನೂ ಎರಡು ಬೇರೆ ಬೇರೆ ಕಡೆ ಕಾಪಿಡಬೇಕು.

ಇನ್ನು ದಾರಿಗಳ ವಿಚಾರ. ಯಂತ್ರ ಅರ್ಹವಾಗಿದ್ದು, ಹಿರಿಯರಿಗೆ ಕಲಿಯುವ ಹುಮ್ಮಸ್ಸಿದ್ದರೆ ಹೊಸ ವ್ಯವಸ್ಥೆ ಹಾಕಿಸುವುದೇ ಸರಿ. ಹಳೆಯ ಯಂತ್ರವನ್ನೇ ಉಳಿಸಿಕೊಳ್ಳಬೇಕಾದರೆ ಲಿನಕ್ಸ್ ಇದೆ. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆ ಉಚಿತವಾಗಿ ದೊರೆಯುತ್ತದೆ, ಹಳೆಯ ಯಂತ್ರಗಳಲ್ಲಿಯೂ ಓಡುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮದಲ್ಲಿಯೇ ಅಲ್ಲಿಯೂ ಕನ್ನಡ ಬರೆಯಬಹುದು. ಆದರೆ ಅಂಗಳವೇ ಬೇರೆ. ಪಕ್ಕದಲ್ಲಿ ಕೂತು ತೋರಿಸಿಕೊಡುವವರು ಕೆಲವು ವಾರಗಳಾದರೂ ಬೇಕು. ಮೂರನೆಯದು ಹೊಸ ಯಂತ್ರವನ್ನೇ ಕೊಳ್ಳುವುದು. ನಾಲ್ಕನೆಯದು ಕೆಲಸಗಳನ್ನು ಬೇರ್ಪಡಿಸುವುದು.

ನಾವು ಹಿಡಿದದ್ದು ಈ ನಾಲ್ಕನೆಯ ದಾರಿಯನ್ನು. ಹಳೆಯ ಗಣಕವನ್ನು ಅಂತರ್ಜಾಲದಿಂದ ಬಿಡಿಸಿದೆವು. ಅದೀಗ ಒಂದು ಒಳ್ಳೆಯ ಬೆರಳಚ್ಚುಯಂತ್ರ. ಪದಕೋಶಕ್ಕೆ ಅದಕ್ಕಿಂತ ಹೆಚ್ಚಿನದೇನೂ ಬೇಡ. ಪಿಂಚಣಿಯ ಲೆಕ್ಕ ನೋಡುವುದೂ, ದೂರದೇಶದಲ್ಲಿರುವ ಮೊಮ್ಮಗಳೊಡನೆ ತಾಯಿಯವರು ಮುಖ ನೋಡಿ ಮಾತನಾಡುವುದೂ ಬೇರೊಂದು ಹೊಸ ಮೊಬೈಲಿಗೆ ಹೋಯಿತು. ತಾಯಿಯವರು ಎರಡೇ ದಿನಗಳಲ್ಲಿ ಅದನ್ನು ಕಲಿತರು. ಜಾಲವಿಲ್ಲದ ಯಂತ್ರಕ್ಕೂ ಪೆನ್‌ಡ್ರೈವಿನ ಮೂಲಕ ಸೋಂಕು ಬರಬಲ್ಲದು. ಆದಕಾರಣ ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವನ್ನು ಅದಕ್ಕೆ ಚುಚ್ಚಬಾರದೆಂಬ ನಿಯಮವನ್ನು ತಂದೆಯವರೇ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ.

ಇದೇ ಎಲ್ಲರಿಗೂ ತಕ್ಕ ಉತ್ತರವೆಂದು ನಾನು ಹೇಳಲಾರೆ. ಹಣದ ವ್ಯವಹಾರ ಅದೇ ಗಣಕದಲ್ಲಿಯೇ ನಡೆಯಬೇಕಾದರೆ ಬದಲಾವಣೆಯನ್ನು ಮುಂದೂಡುವುದು ತರವಲ್ಲ. ಹೊಸತೆಂಬ ಒಂದೇ ಕಾರಣಕ್ಕೆ ಬದಲಿಸುವುದು ಹೇಗೆ ಸಲ್ಲದೋ, ಹಳತಿನ ಮೇಲಿನ ಮೋಹದಿಂದ ಸೋರುವ ಮಾಡಿನ ಕೆಳಗೆ ಹಿರಿಯರನ್ನು ಕೂರಿಸುವುದೂ ಹಾಗೆಯೇ ಸಲ್ಲದು. ನಿಮ್ಮ ತಂದೆತಾಯಿಗಳ ಮನೆಗೆ ಮುಂದಿನ ಹಬ್ಬಕ್ಕೆ ಹೋದಾಗ ಗಣಕಕ್ಕೆ ಕೈ ಹಚ್ಚುವ ಮುನ್ನ ಒಂದು ಗಂಟೆ ಅವರ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿ. ಅವರು ಯಾವುದನ್ನು ತೆರೆಯುತ್ತಾರೆ, ಎಲ್ಲಿ ತಡವರಿಸುತ್ತಾರೆ, ಯಾವುದನ್ನು ಎಂದೂ ಮುಟ್ಟುವುದೇ ಇಲ್ಲ ಎಂಬುದನ್ನು ಗಮನಿಸಿ. ಏನು ಉಳಿಯಬೇಕು, ಏನು ಹೋಗಬೇಕು ಎಂಬುದನ್ನು ಆಮೇಲೆ ಅವರನ್ನೇ ಕೇಳಿ ನಿರ್ಧರಿಸಿ.