ಇಪ್ಪತ್ತೊಂದು ಅಂಕಿಗಳ ಸಂಖ್ಯೆ

ಚದುರಂಗದ ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋಗಿ ಅರಸನ ಕಣಜವನ್ನೆಲ್ಲ ಬರಿದುಮಾಡಿದ ಜಾಣನ ಕಥೆಯನ್ನರಿಯದ ವಾಚಕರು ವಿರಳ. ಆ ಮಣೆಯ ೬೪ ಮನೆಗಳಿಗೆ ಇನ್ನು ಮೂರನ್ನು ಕೂಡಿಸಿದರೆ ಕಾಳುಗಳ ಒಟ್ಟು ಮೊತ್ತವು ೧೪,೭೫,೭೩,೯೫,೨೫,೮೯,೬೭,೬೪,೧೨,೯೨೭ ಆಗುವುದು. ೬೭ ಎರಡುಗಳನ್ನು ಒಂದರಿಂದೊಂದು ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೂ ಇದೇ ಸಂಖ್ಯೆ.

ಏಳು, ಹದಿಮೂರು ಮೊದಲಾದವುಗಳಂತೆ ತನ್ನಿಂದಲೂ ಒಂದರಿಂದಲೂ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗೆ ಅವಿಭಾಜ್ಯವೆಂದು ಹೆಸರು. ಫ್ರಾನ್ಸ್ ದೇಶದ ಮರ್ಸೆನ್ ಎಂಬ ಸಂನ್ಯಾಸಿಯು ೧೬೪೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಮ್ಮ ಈ ಸಂಖ್ಯೆಯೂ ಅವಿಭಾಜ್ಯವೆಂದು ಹೇಳಿದನು. ಸಾಧನೆಯನ್ನು ಮಾತ್ರ ಕೊಡಲಿಲ್ಲ. ಇಷ್ಟು ದೊಡ್ಡದನ್ನು ಭಾಗಿಸಿ ನೋಡುವವರಾರು? ಮಾತು ಹಾಗೆಯೇ ನಿಂತಿತು.

೧೮೭೬ರಲ್ಲಿ ಅದೇ ದೇಶದ ಲ್ಯೂಕಾ ಎಂಬ ಗಣಿತಜ್ಞನು ಹೊಸತೊಂದು ಪರೀಕ್ಷೆಯಿಂದ ಇದು ಅವಿಭಾಜ್ಯವಲ್ಲವೆಂದು ತೋರಿಸಿದನು. ಸೋಜಿಗವೆಂದರೆ, ಇದನ್ನು ಭಾಗಿಸುವ ಸಂಖ್ಯೆ ಯಾವುದೆಂದು ಅವನಿಗೂ ತಿಳಿಯದು! ಸಂತೆಯಲ್ಲಿ ಗಡಿಗೆ ಕೊಳ್ಳುವ ಗೃಹಿಣಿಯು ಬೆರಳಿನಿಂದ ತಟ್ಟಿ, ಸದ್ದಿನಿಂದಲೇ ಬಿರುಕುಂಟೆಂದು ಅರಿಯುವಳಷ್ಟೆ. ಬಿರುಕು ಎಲ್ಲಿದೆಯೆಂಬುದು ಕಣ್ಣಿಗೆ ಬೀಳಬೇಕಾಗಿಲ್ಲ. ಇದೂ ಹಾಗೆಯೇ.

ಆ ಬಿರುಕನ್ನು ಕಂಡವನು ಅಮೆರಿಕೆಯ ಫ್ರಾಂಕ್ ನೆಲ್ಸನ್ ಕೋಲ್. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವೇನಾದರೂ ಇದ್ದರೆ, ಅದನ್ನು ೧೩೪ರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕೆಂಬುದು ಮೊದಲೇ ತಿಳಿದಿದ್ದ ನಿಯಮ. ಇದರಿಂದ ಹುಡುಕಾಟವು ಬಹಳ ಕಿರಿದಾಗುವುದು ನಿಜ. ಆದರೂ ಅವನಿಗೆ ಬೇಕಾದುದು ಆ ಸಾಲಿನಲ್ಲಿ ೧೪,೪೫,೫೮೦ನೆಯದಾಗಿ ಕುಳಿತಿತ್ತು! ಬೇರೆ ಉಪಾಯಗಳಿಂದ ಸಾಲನ್ನು ಇನ್ನಷ್ಟು ಜರಡಿ ಹಿಡಿಯದೆ ಗತ್ಯಂತರವಿರಲಿಲ್ಲ.

೧೯೦೩ರ ಅಕ್ಟೋಬರ್ ತಿಂಗಳಲ್ಲಿ ನ್ಯೂಯಾರ್ಕಿನ ವಿದ್ವತ್ಸಭೆಯಲ್ಲಿ ಕೋಲನ ಸರದಿ ಬಂದಿತು. ಅವನು ತುಟಿಬಿಚ್ಚದೆ ಕರಿಹಲಗೆಯ ಒಂದು ಕಡೆ ಎರಡರ ಘಾತವನ್ನು ಬಿಡಿಸಿ ಒಂದನ್ನು ಕಳೆದು, ಇನ್ನೊಂದು ಕಡೆ ೧೯,೩೭,೦೭,೭೨೧ ಮತ್ತು ೭,೬೧,೮೩,೮೨,೫೭,೨೮೭ ಇವುಗಳನ್ನು ಗುಣಿಸಿದನಂತೆ. ಎರಡು ಉತ್ತರಗಳೂ ಒಂದೇ! ಸಭೆಯು ಚಪ್ಪಾಳೆ ತಟ್ಟಿತೆಂದೂ, ಎಷ್ಟು ಕಾಲ ಹಿಡಿಯಿತೆಂದು ಕೇಳಿದಾಗ 'ಮೂರು ವರ್ಷಗಳ ಭಾನುವಾರಗಳು' ಎಂದನೆಂದೂ ಬೆಲ್ ಎಂಬ ಗ್ರಂಥಕಾರನು ಬರೆದಿದ್ದಾನೆ. ಕಥೆಗೆ ತುಸು ಬಣ್ಣ ಸೇರಿರಬಹುದು; ಲೆಕ್ಕಕ್ಕೆ ಸೇರಿಲ್ಲ. ಇಂದಿನ ಗಣಕಯಂತ್ರಕ್ಕೆ ಇದು ಕ್ಷಣಮಾತ್ರದ ಕೆಲಸ.

ಒಂಬತ್ತು ಕಳೆದು ತಾಳೆ ನೋಡುವ ಹಳೆಯ ಕ್ರಮವನ್ನು ಬಲ್ಲವರು ಬೇಕಾದರೆ ಮೂರು ಸಂಖ್ಯೆಗಳ ಅಂಕಿಗಳನ್ನೂ ಕೂಡಿಸಿ ನೋಡಲಿ: ೩೭, ೬೪, ೧೦೯. ಒಂಬತ್ತುಗಳನ್ನು ಕಳೆದರೆ ಮೂರರಲ್ಲಿಯೂ ಒಂದೇ ಉಳಿಯುವುದು. ತಾಳೆಯಾಯಿತೆಂದ ಮಾತ್ರಕ್ಕೆ ಲೆಕ್ಕ ಸರಿಯೆಂದು ಸಿದ್ಧವಾಗದು. ಪೂರ್ಣ ನಂಬಿಕೆ ಬೇಕೆಂಬವರು ಗುಣಿಸಿಯೇ ನೋಡಬೇಕು. ಅದಕ್ಕೆ ಒಂದೇ ಭಾನುವಾರ ಸಾಕು.