ಆಯುಷ್ಮಾನ್ ಕಾರ್ಡ್ ಮಾಡಿಸಿದರೆ ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿ ನಿಲ್ಲುತ್ತದೆಯೇ?

‘ಅಂಗವೈಕಲ್ಯ ಪಿಂಚಣಿ ಪಡೆಯುವ ಮಾಜಿ ಸೈನಿಕರು ಇಎಸ್‌ಐ ಅಥವಾ ಆಯುಷ್ಮಾನ್ ಸೌಲಭ್ಯ ಪಡೆದರೆ ಪಿಂಚಣಿ ಕಟ್’ ಎಂಬ ಸಂದೇಶ ನಿಮಗೂ ಬಂದಿರಬಹುದು. ಇದು ಸುಳ್ಳು. ಆದರೆ ಇದರಲ್ಲಿ ಒಂದು ನಿಜವಾದ ನಿಯಮವೂ ಬೆರೆತುಹೋಗಿದೆ, ಹಾಗಾಗಿ ನಾವು ಇಷ್ಟಕ್ಕೇ ನಿಲ್ಲಿಸುವಂತಿಲ್ಲ.

ಸೇನಾ ಸೇವೆಯಿಂದ ಬಂದ ಅಥವಾ ಸೇವೆಯಿಂದ ಉಲ್ಬಣಿಸಿದ ಗಾಯ, ಕಾಯಿಲೆಗಾಗಿ ಕೊಡುವ ಹಣ ಅಂಗವೈಕಲ್ಯ ಪಿಂಚಣಿ. ಇಎಸ್‌ಐ ಹಾಗಲ್ಲ, ಅದು ಈಗಿನ ಸಂಬಳದಿಂದ ಕಟ್ಟುವ ವಿಮೆ. ನಿವೃತ್ತರಾಗಿ ಕಾರ್ಖಾನೆಯೊಂದರಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ್ದೀರಿ ಎನ್ನಿ. ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದಿದ್ದರೆ ಇಎಸ್‌ಐ ಅನ್ವಯವಾಗುತ್ತದೆ. ಪಿಂಚಣಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಕಾಮಾಲೆ ಬಂದು ಮಲಗಿದಿರಾ? ಅಗತ್ಯವಿರುವಷ್ಟು ದಿನ ವಂತಿಗೆ ಕಟ್ಟಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ. ಪಿಂಚಣಿಯೂ ಎಂದಿನಂತೆ ಖಾತೆಗೆ ಬರುತ್ತದೆ.

ಆಯ್ಕೆಯ ಪ್ರಶ್ನೆ ಬರುವುದು ಚಿಕಿತ್ಸೆಯಲ್ಲಿ. 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಇದೆ. ಇಎಸ್‌ಐ ಇದ್ದವರು ಇದನ್ನೂ ಪಡೆಯಬಹುದು. ಆದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನಲ್ಲಿ ಇರುವವರು ಎರಡರಲ್ಲಿ ಒಂದನ್ನೇ ಆರಿಸಬೇಕು. ಸಂದೇಶ ಬರೆದವರು ಇದನ್ನೇ ಪಿಂಚಣಿಗೂ ಅಂಟಿಸಿದಂತಿದೆ.

ಎರಡೂ ಒಂದೇ ಅಲ್ಲ. ಆಯುಷ್ಮಾನ್ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ, ವರ್ಷಕ್ಕೆ 5 ಲಕ್ಷದವರೆಗೆ. ಇಸಿಎಚ್‌ಎಸ್‌ನಲ್ಲಿ ಪಾಲಿಕ್ಲಿನಿಕ್‌ಗೆ ಹೋಗಿ ಬಿಪಿ, ಶುಗರ್ ಮಾತ್ರೆಗಳನ್ನೂ ತರಬಹುದು. ಪ್ರತಿ ತಿಂಗಳು ಮಾತ್ರೆ ಬೇಕಾದವರಿಗೆ, ನಮ್ಮ ಪ್ರಕಾರ, ಅದನ್ನು ಬಿಡುವುದು ನಷ್ಟವೇ. ಶಿಬಿರದಲ್ಲಿ ಬೆರಳಚ್ಚು ಕೊಡುವ ಮೊದಲು ನಿಮ್ಮ ಪಾಲಿಕ್ಲಿನಿಕ್‌ನಲ್ಲಿ ಒಮ್ಮೆ ವಿಚಾರಿಸಿ.